ವಿಮಾನದ ನಿಯಂತ್ರಣಗಳಲ್ಲಿ ಮಿಶ್ರಣ: ಕೆಲವು ಚಾರಿತ್ರಿಕ ವಿಚಾರಗಳು

ಮಾದರಿ ವಿಮಾನಗಳನ್ನು ನೆಲದ ಮೇಲೆ ನಿಂತು ಹಾರಿಸಲು ಬಳಸುವ ರೇಡಿಯೋ ಪ್ರೇಷಕದಲ್ಲಿ 'ಮಿಶ್ರಣ' ಎಂಬ ಒಂದು ವ್ಯವಸ್ಥೆಯುಂಟು. ಹಾರಿಸುವವನು ಒಂದು ಹಿಡಿಕೆಯನ್ನು ಅಲುಗಿಸಿದರೆ ವಿಮಾನದ ಎರಡು ಮೂರು ಅಂಗಗಳು ಒಟ್ಟಿಗೆ, ಆದರೆ ಬೇರೆ ಬೇರೆ ಪ್ರಮಾಣದಲ್ಲಿ ಚಲಿಸುವಂತೆ ಮಾಡುವುದು ಇದರ ಕೆಲಸ. ಇಂದಿನ ಪ್ರೇಷಕಗಳಲ್ಲಿ ಇದನ್ನು ಅಂಕಿಗಳಲ್ಲಿ ಬರೆದಿಡಬಹುದಾದ್ದರಿಂದ, ಮಿಶ್ರಣವು ಗಣಕಯಂತ್ರದ ಕಾಲದ ಕೊಡುಗೆಯೆಂಬ ಅಭಿಪ್ರಾಯ ವಿದ್ಯಾರ್ಥಿಗಳಲ್ಲಿ ಮಾತ್ರವಲ್ಲದೆ ಅಧ್ಯಾಪಕರಲ್ಲಿಯೂ ಬೇರೂರಿದೆ. ಈ ಅಭಿಪ್ರಾಯ ಸರಿಯಲ್ಲ. ಗಣಕಯಂತ್ರಕ್ಕಿಂತ ಮೊದಲು, ಮಾದರಿ ವಿಮಾನದ ರೇಡಿಯೋಗಿಂತಲೂ ಮೊದಲು ಮಿಶ್ರಣ ಹುಟ್ಟಿತ್ತು. ಅದರ ವಯಸ್ಸು ಹೆಚ್ಚುಕಡಿಮೆ ವಿಮಾನದ ವಯಸ್ಸೇ. ಕಾಲಕ್ರಮದಲ್ಲಿ ಬದಲಾದದ್ದು ಅದು ನೆಲೆಸಿರುವ ಸ್ಥಳ ಮಾತ್ರ. ಆ ಸ್ಥಳಾಂತರದಿಂದ ಏನಾಯಿತೆಂಬುದನ್ನು ಇಲ್ಲಿ ವಿಚಾರಿಸಲಾಗುವುದು.

ಈ ವಿಚಾರಕ್ಕೆ ನನ್ನನ್ನು ಎಳೆದ ಪ್ರಸಂಗ ಚಿಕ್ಕದು. ಕೆಲವು ವರ್ಷಗಳ ಹಿಂದೆ ಬೇಸಗೆಯಲ್ಲಿ, ಮುಳಬಾಗಿಲು ತಾಲ್ಲೂಕಿನ ಬೈರಕೂರು ಹೋಬಳಿಯ ಒಂದು ಬತ್ತಿದ ಕೆರೆಯಂಗಳಕ್ಕೆ ಇಬ್ಬರು ವಿದ್ಯಾರ್ಥಿಗಳೊಡನೆ ಹೋಗಿದ್ದೆ. ಅವರು ಥರ್ಮಕೋಲಿನಿಂದ ಬಾಲವಿಲ್ಲದ ಒಂದು ಮಾದರಿಯನ್ನು ಕಟ್ಟಿದ್ದರು. ಬರಿಯ ರೆಕ್ಕೆ, ಹಿಂದಂಚಿನಲ್ಲಿ ಎರಡು ಮಡಚುಪಟ್ಟಿಗಳು. ಹುಡುಗನು ಅದನ್ನು ಕೈಯಿಂದ ಎಸೆದನು. ಎಡರೆಕ್ಕೆ ತುಸು ಬಾಗಿತು. ಸರಿಪಡಿಸಲು ಹಿಡಿಕೆಯನ್ನು ಬಲಕ್ಕೆ ತಳ್ಳಿದೊಡನೆ ಎಡರೆಕ್ಕೆ ಇನ್ನಷ್ಟು ಬಾಗಿ, ವಿಮಾನ ಸುರುಳಿ ಸುತ್ತುತ್ತ ಒಣಮಣ್ಣಿಗೆ ಬಡಿಯಿತು. "ಗಾಳಿ ತಿರುಗಿತು ಸಾರ್" ಎಂದನು ಹುಡುಗ. ಕೆರೆಯ ಏರಿಯ ಮೇಲೆ ಕುರಿ ಬಿಟ್ಟುಕೊಂಡು ಕುಳಿತಿದ್ದ ವೃದ್ಧರೊಬ್ಬರು, "ಗಾಳಿ ಎಲ್ಲಿತ್ತಪ್ಪಾ, ಎಲೆ ಕೂಡ ಅಲ್ಲಾಡಲಿಲ್ಲ" ಎಂದರು. ಚರಿತ್ರೆಯ ಅಧ್ಯಾಪಕನಿಗೆ ಸಾಕ್ಷ್ಯವನ್ನು ತೂಗುವ ಅಭ್ಯಾಸವಿರುತ್ತದೆಯಷ್ಟೆ. ಪ್ರೇಷಕವನ್ನು ತೆರೆದು ನೋಡಿದೆವು. ಒಂದು ಸಾಲಿನಲ್ಲಿ ಕೂಡುವ ಚಿಹ್ನೆಯಿರಬೇಕಾದಲ್ಲಿ ಕಳೆಯುವ ಚಿಹ್ನೆಯೂ, ಮತ್ತೊಂದರಲ್ಲಿ ಅದಕ್ಕೆ ವಿರುದ್ಧವಾಗಿಯೂ ಇದ್ದಿತು. ಹಾರಿಸುವ ಮೊದಲು ಅವನು ಮೂತಿ ಏರುವ ಇಳಿಯುವ ಚಲನೆಯನ್ನು ಪರೀಕ್ಷಿಸಿದ್ದನು. ಹೊರಳುವ ಚಲನೆಯನ್ನು ನೋಡಿರಲಿಲ್ಲ.

ಒಂದು ಚಿಹ್ನೆಗೆ ಇಷ್ಟು ಬಲ ಹೇಗೆ ಬಂದಿತು ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ 1902ಕ್ಕೆ ಹೋಗಬೇಕು.

ರೈಟ್ ಸೋದರರು ರೆಕ್ಕೆಯನ್ನು ತಿರುಚಿ ವಿಮಾನವನ್ನು ಹೊರಳಿಸುವ ಉಪಾಯವನ್ನು 1899ರಲ್ಲಿಯೇ ಗಾಳಿಪಟವೊಂದರಲ್ಲಿ ಪರೀಕ್ಷಿಸಿದ್ದರು. ಆದರೆ 1901ರ ಗ್ಲೈಡರಿನಲ್ಲಿ ಅವರಿಗೆ ಒಂದು ವಿಚಿತ್ರ ಎದುರಾಯಿತು. ಬಲಕ್ಕೆ ಹೊರಳಿಸಿದರೆ ಒಮ್ಮೊಮ್ಮೆ ಮೂತಿ ಎಡಕ್ಕೆ ತಿರುಗುತ್ತಿತ್ತು. ಇದರ ಕಾರಣ ಇಂದು ಪಠ್ಯಪುಸ್ತಕಗಳಲ್ಲಿದೆ: ಯಾವ ರೆಕ್ಕೆ ಮೇಲೇಳಬೇಕೋ ಅದರ ಎತ್ತುವ ಬಲ ಹೆಚ್ಚಬೇಕು, ಎತ್ತುವ ಬಲ ಹೆಚ್ಚಿದಲ್ಲಿ ಗಾಳಿಯ ತಡೆಯೂ ಹೆಚ್ಚುತ್ತದೆ, ತಡೆ ಹೆಚ್ಚಿದ ರೆಕ್ಕೆ ಹಿಂದಕ್ಕೆ ಎಳೆಯಲ್ಪಟ್ಟು ಮೂತಿಯನ್ನು ತನ್ನ ಕಡೆಗೆ ಸೆಳೆಯುತ್ತದೆ. 1902ರಲ್ಲಿ ಅವರು ಹಿಂಬದಿಗೆ ನೆಟ್ಟಗಿನ ಪಟ್ಟಿಗಳನ್ನು ಅಚಲವಾಗಿ ಕೂಡಿಸಿದರು. ಅದರಿಂದ ಕೆಲವು ಸಂದರ್ಭಗಳಲ್ಲಿ ಕೇಡು ಇನ್ನೂ ಹೆಚ್ಚಿತು. ಬಾಗಿದ ರೆಕ್ಕೆ ಮೇಲೇಳದೆ ಗ್ಲೈಡರು ಗಿರಕಿ ಹೊಡೆದು ಮರಳಿಗೆ ಕುಸಿಯುತ್ತಿತ್ತು. ಆ ಪಟ್ಟಿಯನ್ನು ಚಲಿಸುವ ಚುಕ್ಕಾಣಿಯಾಗಿ ಮಾಡಬೇಕೆಂಬುದು ಆರ್ವಿಲ್ಲನ ಸಲಹೆ. ಅದರ ತಂತಿಗಳನ್ನು ರೆಕ್ಕೆ ತಿರುಚುವ ತಂತಿಗಳಿಗೇ ಕಟ್ಟಿಬಿಡಬೇಕೆಂಬುದು ವಿಲ್ಬರನ ಸಲಹೆ. ಹಾರುವವನು ಹೊಟ್ಟೆಯ ಮೇಲೆ ಮಲಗಿ ಸೊಂಟವನ್ನು ಒಂದು ಕಡೆಗೆ ಸರಿಸಿದರೆ ಸಾಕು, ರೆಕ್ಕೆ ತಿರುಚಿಕೊಳ್ಳುತ್ತಿತ್ತು, ಚುಕ್ಕಾಣಿಯೂ ತಕ್ಕಷ್ಟು ತಿರುಗುತ್ತಿತ್ತು.

ಇಂದಿನ ಪ್ರೇಷಕದಲ್ಲಿ 'ಐಲರಾನಿನಿಂದ ಚುಕ್ಕಾಣಿಗೆ' ಎಂದು ಬರೆದಿರುವ ಮಿಶ್ರಣವು ಇದೇ. ಮೂಲವು ಸೊಂಟ, ಗುರಿಯು ಚುಕ್ಕಾಣಿ, ಪ್ರಮಾಣವು ತಂತಿಯ ಉದ್ದ. ಅಂಕಿಗಳಿರಲಿಲ್ಲ, ಕಟ್ಟಿದ ಗಂಟುಗಳೇ ಅಂಕಿಗಳಾಗಿದ್ದವು.

ಈ ಗಂಟು ಅನಂತರ ನ್ಯಾಯಾಲಯವನ್ನೂ ಮುಟ್ಟಿತೆಂಬುದು ಚರಿತ್ರೆಯ ವಿದ್ಯಾರ್ಥಿಗೆ ರುಚಿಸುವ ಸಂಗತಿ. ರೈಟ್ ಸೋದರರು 1903ರಲ್ಲಿ ಅರ್ಜಿ ಹಾಕಿ 1906ರ ಮೇ 22ರಂದು ಪಡೆದ ಪೇಟೆಂಟು ಎಂಜಿನಿನ ಮೇಲಿನದಲ್ಲ, ನಿಯಂತ್ರಣದ ಮೇಲಿನದು. 1909ರಲ್ಲಿ ಅವರು ಗ್ಲೆನ್ ಕರ್ಟಿಸ್ಸನ ಮೇಲೆ ದಾವೆ ಹೂಡಿದರು. ಕರ್ಟಿಸ್ಸನ ವಿಮಾನದಲ್ಲಿ ರೆಕ್ಕೆ ತಿರುಚುತ್ತಿರಲಿಲ್ಲ, ಹಾರುವವನು ಭುಜ ವಾಲಿಸಿದರೆ ಐಲರಾನುಗಳು ಚಲಿಸುತ್ತಿದ್ದವು, ಚುಕ್ಕಾಣಿ ಬೇರೆಯಾಗಿತ್ತು. ಎರಡು ಅಂಗಗಳನ್ನು ತಂತಿ ಜೋಡಿಸದಿದ್ದರೂ ಹಾರುವವನ ಶರೀರವೇ ಜೋಡಿಸಿದರೆ ಅದೂ ಅದೇ ಉಪಾಯವೇ, ಅಲ್ಲವೇ ಎಂಬುದು ವಿವಾದದ ಒಂದು ಎಳೆ. 1914ರ ಜನವರಿಯಲ್ಲಿ ಮೇಲ್ಮನವಿಯ ನ್ಯಾಯಾಲಯ ರೈಟರ ಪರವಾಗಿ ತೀರ್ಪಿತ್ತಿತು. ಆದರೆ ವಿನೋದವೇನೆಂದರೆ, ಅಷ್ಟರೊಳಗೆ ರೈಟ್ ಸೋದರರೇ ತಮ್ಮ ವಿಮಾನದಲ್ಲಿ ಆ ಗಂಟನ್ನು ಬಿಚ್ಚಿದ್ದರು. 1905ರ ವಿಮಾನದಲ್ಲಿ ಚುಕ್ಕಾಣಿಗೆ ಪ್ರತ್ಯೇಕ ಹಿಡಿಕೆಯಿತ್ತು. ಹೊರಳಿಗೂ ತಿರುವಿಗೂ ಇರುವ ಸಂಬಂಧ ಎಲ್ಲ ವೇಗಗಳಲ್ಲಿಯೂ ಒಂದೇ ಪ್ರಮಾಣದ್ದಲ್ಲವೆಂದು ಅವರಿಗೆ ಅನುಭವದಿಂದ ತಿಳಿದಿತ್ತು. ಕಟ್ಟಿದ ತಂತಿಗೆ ಸಂದರ್ಭವರಿತು ಪ್ರಮಾಣವನ್ನು ಬದಲಿಸುವ ಶಕ್ತಿಯಿಲ್ಲ, ಕಾಲು ಕೈಗಳಿಗೆ ಉಂಟು.

ಅಲ್ಲಿಂದ ಮುಂದೆ ಬಹುಕಾಲ ಮಿಶ್ರಣವು ಹೆಚ್ಚಾಗಿ ವೈಮಾನಿಕನ ದೇಹದಲ್ಲಿಯೇ ನೆಲೆಸಿತು. ಹಿಡಿಕೆಯೊಡನೆ ಪೆಡಲನ್ನು ಎಷ್ಟು ಒತ್ತಬೇಕೆಂಬುದನ್ನು ಕಲಿಸುವುದೇ ಹಾರಾಟದ ಶಿಕ್ಷಣದ ಒಂದು ಮುಖ್ಯ ಭಾಗವಾಯಿತು. ಆದರೂ ಶಿಲ್ಪಿಗಳು ಸ್ವಲ್ಪವನ್ನು ಲೋಹಕ್ಕೆ ವಹಿಸಿದ್ದುಂಟು. 1931ರಲ್ಲಿ ಮೊದಲು ಹಾರಿದ, ನಮ್ಮ ದೇಶದ ಎಷ್ಟೋ ವೈಮಾನಿಕರಿಗೆ ಮೊದಲ ಪಾಠ ಹೇಳಿದ ಟೈಗರ್ ಮಾತ್ ವಿಮಾನದಲ್ಲಿ ಮೇಲೇಳುವ ಐಲರಾನು ಬಹಳವಾಗಿಯೂ ಕೆಳಗಿಳಿಯುವ ಐಲರಾನು ಅತ್ಯಲ್ಪವಾಗಿಯೂ ಚಲಿಸುತ್ತವೆ. ಕೆಳಗಿಳಿಯುವ ಐಲರಾನಿನಿಂದಲೇ ತಡೆ ಹೆಚ್ಚುವುದಾದ್ದರಿಂದ ಅದರ ಚಲನೆಯನ್ನು ಮಿತಗೊಳಿಸಲಾಗಿದೆ. ಇದನ್ನು ಸಾಧಿಸುವುದು ಸನ್ನೆಗಳ ಜೋಡಣೆಯ ಕೋನ, ಮತ್ತೇನೂ ಅಲ್ಲ. ಇಂದಿನ ಪ್ರೇಷಕದಲ್ಲಿ 'ಡಿಫರೆನ್ಷಿಯಲ್' ಎಂಬ ಹೆಸರಿನಲ್ಲಿ ನೂರಕ್ಕೆ ಇಷ್ಟು ಎಂದು ಕೇಳುವ ಅಂಕಿ ಆ ಕೋನದ ಮೊಮ್ಮಗ.

ಎರಡು ಅಂಗಗಳ ಕೆಲಸವನ್ನು ಒಂದೇ ಜೊತೆ ಪಟ್ಟಿಗಳಿಗೆ ವಹಿಸಿದಾಗ ಮಿಶ್ರಣವು ಅನುಕೂಲದ ಮಾತಾಗಿ ಉಳಿಯದೆ ಅನಿವಾರ್ಯವಾಗುತ್ತದೆ. ಪೋಲೆಂಡಿನ ಯೆಜಿ ರುಡ್ಲಿಟ್ಸ್ಕಿ 1930ರ ಸುಮಾರಿನಲ್ಲಿ ಸೂಚಿಸಿದ ಕವಲುಬಾಲದಲ್ಲಿ ಎರಡೇ ಪಟ್ಟಿಗಳು ಎಲಿವೇಟರಿನ ಕೆಲಸವನ್ನೂ ಚುಕ್ಕಾಣಿಯ ಕೆಲಸವನ್ನೂ ಮಾಡಬೇಕು. 1947ರಿಂದ ಮಾರಾಟಕ್ಕೆ ಬಂದ ಬೀಚ್‌ಕ್ರಾಫ್ಟ್ ಬೊನಾಂಜಾ ವಿಮಾನದಲ್ಲಿ ಈ ಕೂಡುವ ಕಳೆಯುವ ಲೆಕ್ಕವನ್ನು ಸನ್ನೆಗಳ ಒಂದು ಕಟ್ಟು ಮಾಡುತ್ತಿತ್ತು. ಅಮೆರಿಕದಲ್ಲಿಯೇ 1940ರಲ್ಲಿ ತಯಾರಾಗತೊಡಗಿದ ಎರ್ಕೂಪ್ ಎಂಬ ವಿಮಾನದಲ್ಲಿ ಐಲರಾನು, ಚುಕ್ಕಾಣಿಗಳನ್ನು ಜೋಡಿಸಿ ಪೆಡಲನ್ನೇ ತೆಗೆದುಹಾಕಲಾಯಿತು. ವಿಲ್ಬರನ ಗಂಟು ಹೀಗೆ ಮರಳಿ ಬಂದಿತು. ಇದಕ್ಕೆ ತದ್ವಿರುದ್ಧವಾದ ಒಂದು ದೃಷ್ಟಾಂತ ನಮ್ಮ ನೆರೆಯಲ್ಲೇ ಇದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ಪ್ರೊಫೆಸರ್ ರುಸ್ತುಂ ದಮಾನಿಯಾ ಅವರ ಮುಂದಾಳುತನದಲ್ಲಿ 1980ರ ದಶಕದಲ್ಲಿ ಸಿದ್ಧವಾದ ಲಘು ವಿಮಾನವು ಬರ್ಟ್ ರುಟಾನನ ಲಾಂಗ್-ಈಜೀ ವಿನ್ಯಾಸವನ್ನು ಆಧರಿಸಿದ್ದು. ಲಾಂಗ್-ಈಜೀಯಲ್ಲಿ ರೆಕ್ಕೆಯ ಎರಡು ತುದಿಗಳಲ್ಲಿಯೂ ಒಂದೊಂದು ಚುಕ್ಕಾಣಿಯುಂಟು. ಪ್ರತಿಯೊಂದೂ ಹೊರಕ್ಕೆ ಮಾತ್ರ ತೆರೆಯುತ್ತದೆ, ಪ್ರತಿಯೊಂದಕ್ಕೂ ಅದರದೇ ಪೆಡಲ್. ಒಂದನ್ನು ಒತ್ತಿದರೆ ತಿರುವು. ಎರಡನ್ನೂ ಒತ್ತಿದರೆ ಗಾಳಿಗೆ ತಡೆಯೊಡ್ಡುವ ಬ್ರೇಕು. ಇಲ್ಲಿ ಜೋಡಿಸದೆ ಬಿಟ್ಟಿರುವುದರಿಂದಲೇ ಮೂರನೆಯ ಪ್ರಯೋಜನ ದೊರೆತಿದೆ. ಶಿಲ್ಪದಲ್ಲಿ ಇಂಥ ಮಿತವ್ಯಯ ನನಗೆ ಬಹಳ ಮೆಚ್ಚಿಕೆಯಾದದ್ದು.

ಇನ್ನು ರೇಡಿಯೋ. ನಿಕೋಲಾ ಟೆಸ್ಲಾ 1898ರಲ್ಲಿ ನ್ಯೂಯಾರ್ಕಿನಲ್ಲಿ ನಿಸ್ತಂತುವಾಗಿ ನಡೆಯುವ ದೋಣಿಯನ್ನು ತೋರಿಸಿದ್ದನು. 1935ರಲ್ಲಿ ಬ್ರಿಟನ್ನಿನಲ್ಲಿ ಟೈಗರ್ ಮಾತಿನ ವೈಮಾನಿಕರಹಿತ ರೂಪವಾದ 'ಕ್ವೀನ್ ಬೀ' ಗುರಿಯಭ್ಯಾಸಕ್ಕಾಗಿ ಹಾರಿತು. 1937ರಲ್ಲಿ ಅಮೆರಿಕದ ವಾಲ್ಟರ್ ಮತ್ತು ವಿಲಿಯಂ ಗುಡ್ ಎಂಬ ಸೋದರರು 'ಗಫ್' ಎಂಬ ಮಾದರಿ ವಿಮಾನವನ್ನು ರೇಡಿಯೋ ಮೂಲಕ ನಡೆಸಿದರು. ಅಲ್ಲಿಂದ ಸುಮಾರು ಕಾಲು ಶತಮಾನ ಮಾದರಿಗಳ ಲೋಕದಲ್ಲಿ ಮಿಶ್ರಣಕ್ಕೆ ಎಡೆಯೇ ಇರಲಿಲ್ಲವೆನ್ನಬಹುದು. ಗುಂಡಿಯನ್ನು ಒಮ್ಮೆ ಒತ್ತಿ ಹಿಡಿದರೆ ಬಲ, ಎರಡು ಬಾರಿ ಒತ್ತಿದರೆ ಎಡ; ಚುಕ್ಕಾಣಿ ಪೂರ್ತಿ ತಿರುಗುತ್ತಿತ್ತು, ಇಲ್ಲವೇ ಸುಮ್ಮನಿರುತ್ತಿತ್ತು. ಮಿಶ್ರಣಕ್ಕೆ ಪ್ರಮಾಣ ಬೇಕು. 'ಇದೆ', 'ಇಲ್ಲ' ಎಂಬ ಎರಡೇ ಮಾತುಗಳಲ್ಲಿ ಪ್ರಮಾಣ ಹುಟ್ಟದು.

1960ರ ದಶಕದಲ್ಲಿ ಹಿಡಿಕೆ ಎಷ್ಟು ಸರಿಯುವುದೋ ಅಂಗವೂ ಅಷ್ಟೇ ಸರಿಯುವ ಪ್ರಮಾಣಬದ್ಧ ವ್ಯವಸ್ಥೆ ರೂಢಿಗೆ ಬಂದಿತು. ಹಿಡಿಕೆಯ ಸ್ಥಾನವನ್ನು ಒಂದು ಮಿಡಿತದ ಅಗಲವನ್ನಾಗಿ ಮಾರ್ಪಡಿಸಿ ಕಳುಹಿಸುವುದು ಇದರ ತತ್ತ್ವ. ಮಿಡಿತದ ಅಗಲ 1.5 ಮಿಲಿಸೆಕೆಂಡು ಇದ್ದರೆ ಸರ್ವೋ ಮಧ್ಯದಲ್ಲಿ ನಿಲ್ಲುತ್ತದೆ. 1ಕ್ಕೆ ಇಳಿದರೆ ಒಂದು ಕಡೆಗೆ, 2ಕ್ಕೆ ಏರಿದರೆ ಮತ್ತೊಂದು ಕಡೆಗೆ ತಿರುಗುತ್ತದೆ. ಹೀಗೆ ಪ್ರಮಾಣ ದೊರೆತ ಕೂಡಲೇ ಬಾಲವಿಲ್ಲದ ಮಾದರಿಗಳನ್ನು ಕಟ್ಟುವವರು ಹಳೆಯ ಸನ್ನೆಗಳ ಕಡೆಗೆ ತಿರುಗಿದರು. ಒಂದು ಸರ್ವೋವನ್ನು ಜಾರುವ ಹಲಗೆಯ ಮೇಲೆ ಕೂರಿಸಿ, ಮತ್ತೊಂದು ಸರ್ವೋ ಆ ಹಲಗೆಯನ್ನೇ ಹಿಂದೆ ಮುಂದೆ ತಳ್ಳುವಂತೆ ಮಾಡಿದರು. ಮೇಲಿನದು ತಿರುಗಿದರೆ ಎರಡು ಪಟ್ಟಿಗಳೂ ವಿರುದ್ಧ ದಿಕ್ಕಿಗೆ, ಹಲಗೆ ಜಾರಿದರೆ ಎರಡೂ ಒಂದೇ ದಿಕ್ಕಿಗೆ ಚಲಿಸುತ್ತಿದ್ದವು. ನೋಡಿದವನಿಗೆ ಲೆಕ್ಕ ಕಣ್ಣಿಗೇ ಕಾಣುತ್ತಿತ್ತು. ಬಳಿಕ ಈ ಕೆಲಸವನ್ನು ಪ್ರೇಷಕದೊಳಗಿನ ರೋಧಕಗಳೂ, 1980ರ ದಶಕದಿಂದ ಮೈಕ್ರೊಪ್ರೊಸೆಸರುಗಳೂ ವಹಿಸಿಕೊಂಡವು. 2010ರ ದಶಕದಲ್ಲಿ ಓಪನ್‌ಟಿಎಕ್ಸ್, ಅದರ ಕವಲಾಗಿ 2021ರಲ್ಲಿ ಎಡ್ಜ್‌ಟಿಎಕ್ಸ್ ಎಂಬ, ಯಾರು ಬೇಕಾದರೂ ಓದಿ ತಿದ್ದಬಹುದಾದ ಕ್ರಮವಿಧಿಗಳು ಬಂದವು. ಇವುಗಳಲ್ಲಿ ಮಿಶ್ರಣದ ಪ್ರತಿಯೊಂದು ಸಾಲಿಗೂ ಮೂಲ, ಪ್ರಮಾಣ, ವಕ್ರರೇಖೆ, ಸ್ವಿಚ್ಚು ಎಂಬ ಅಂಕಣಗಳಿವೆ. ಹಿಂದಿನ ಸಾಲಿನ ಫಲಕ್ಕೆ ಈ ಸಾಲನ್ನು ಕೂಡಬೇಕೋ, ಅದರಿಂದ ಗುಣಿಸಬೇಕೋ, ಅದರ ಬದಲಿಗೆ ಇಡಬೇಕೋ ಎಂಬುದನ್ನೂ ಹೇಳಬೇಕು.

ಬೈರಕೂರಿನ ರೆಕ್ಕೆಯ ಲೆಕ್ಕವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ನೋಡುವುದು ಉಚಿತ. ಏರಿಳಿತದ ಆಜ್ಞೆಯನ್ನು 'ಏ' ಎಂದೂ ಹೊರಳಿನ ಆಜ್ಞೆಯನ್ನು 'ಹೊ' ಎಂದೂ ಕರೆಯೋಣ. ಪಟ್ಟಿ ಮೇಲೇಳುವುದು ಧನ. ಹಿಡಿಕೆಯನ್ನು ಹಿಂದಕ್ಕೆ ಎಳೆಯುವುದು, ಬಲಕ್ಕೆ ಸರಿಸುವುದು ಇವೂ ಧನ. ಬಲಕ್ಕೆ ಹೊರಳಬೇಕಾದರೆ ಬಲಪಟ್ಟಿ ಮೇಲೆದ್ದು ಎಡಪಟ್ಟಿ ಇಳಿಯಬೇಕು. ಆದ್ದರಿಂದ ಬಲಪಟ್ಟಿಯ ಚಲನೆ ಏ + ಹೊ. ಎಡಪಟ್ಟಿಯದು ಏ − ಹೊ. ನಮ್ಮ ಹುಡುಗ ಇವೆರಡನ್ನು ಅದಲುಬದಲು ಬರೆದಿದ್ದನು. ಹಿಡಿಕೆಯನ್ನು ಹಿಂದೆ ಮುಂದೆ ಮಾಡಿದಾಗ 'ಹೊ' ಶೂನ್ಯವಾದುದರಿಂದ ಎರಡು ಬರಹಗಳ ಫಲವೂ ಒಂದೇ, ತಪ್ಪು ಕಾಣುವಂತಿರಲಿಲ್ಲ. ಸರ್ವೋಗಳು ಎಡಬಲಗಳಲ್ಲಿ ಕನ್ನಡಿಯ ಬಿಂಬದಂತೆ ಕೂತಿರುವುದರಿಂದ ಒಂದರ ದಿಕ್ಕನ್ನು ತಿರುಗಿಸುವುದು ಬೇರೆ ಅಗತ್ಯ. ಎರಡು ಕಡೆ ತಿರುಗಿಸಬಹುದಾದಲ್ಲಿ ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿಕೊಳ್ಳುವ ಸಂಭವವೂ ಇದೆ.

ಚಿಹ್ನೆ ಸರಿಯಾದ ಮೇಲೆ ಪ್ರಮಾಣದ ಪ್ರಶ್ನೆ ಉಳಿಯುತ್ತದೆ. ಎರಡಕ್ಕೂ ನೂರಕ್ಕೆ 60ರಂತೆ ಕೊಟ್ಟೆವೆನ್ನಿ. ಹಿಡಿಕೆಯನ್ನು ಪೂರ್ತಿ ಹಿಂದಕ್ಕೂ ಪೂರ್ತಿ ಬಲಕ್ಕೂ ಒಯ್ದರೆ ಬಲಪಟ್ಟಿಗೆ 120 ಬೇಕು, ಎಡಪಟ್ಟಿಗೆ 0. ಆದರೆ ಸರ್ವೋ 100ನ್ನು ದಾಟಲಾರದು. ಮಿಕ್ಕ 20 ನಷ್ಟವಾಗಿ, ದೊರೆಯುವ ಏರಿಳಿತವೂ ಹೊರಳೂ 60ರ ಬದಲು 50ಕ್ಕೆ ಇಳಿಯುತ್ತವೆ. ಎರಡನ್ನೂ 50ಕ್ಕೆ ಇಳಿಸಿದರೆ ಏನೂ ನಷ್ಟವಾಗದು. ಆದರೆ ಬರಿಯ ಹೊರಳು ಬೇಕಾದಾಗಲೂ ಪಟ್ಟಿಯ ಅರ್ಧ ಚಲನೆ ಮಾತ್ರ ದೊರೆಯುತ್ತದೆ. ಯಾವುದನ್ನು ಬಿಟ್ಟು ಯಾವುದನ್ನು ಉಳಿಸಿಕೊಳ್ಳಬೇಕೆಂಬ ತೀರ್ಮಾನ ಲೆಕ್ಕದಿಂದ ಬರುವುದಿಲ್ಲ. ವಿಮಾನ ಏತಕ್ಕಾಗಿ ಎಂಬುದರಿಂದ ಬರುತ್ತದೆ.

ಈ ಪ್ರಶ್ನೆ ಆಟಿಕೆಯದಲ್ಲ. ತೇಜಸ್ ಯುದ್ಧವಿಮಾನಕ್ಕೂ ಹಿಂಬಾಲದ ಎಲಿವೇಟರಿಲ್ಲ. ತ್ರಿಕೋಣಾಕಾರದ ರೆಕ್ಕೆಯ ಹಿಂದಂಚಿನ ಎಲೆವಾನುಗಳೇ ಏರಿಳಿತವನ್ನೂ ಹೊರಳನ್ನೂ ನಡೆಸಬೇಕು. ಅಲ್ಲದೆ ಅದನ್ನು ಉದ್ದೇಶಪೂರ್ವಕವಾಗಿ ಅಸ್ಥಿರವಾಗಿ ರಚಿಸಲಾಗಿದೆ. ಗಣಕದ ನೆರವಿಲ್ಲದೆ ಮನುಷ್ಯನು ಅದನ್ನು ಹಿಡಿದಿಡಲಾರನು. ವೈಮಾನಿಕನ ಹಿಡಿಕೆಯ ಚಲನೆ ಅಲ್ಲಿ ಒಂದು ಕೋರಿಕೆ ಮಾತ್ರ. ಆ ಕೋರಿಕೆಯನ್ನೂ ಸಂವೇದಕಗಳ ವರದಿಯನ್ನೂ ಬೆರೆಸಿ ಎಲೆವಾನುಗಳಿಗೆ ಆಜ್ಞೆ ಕೊಡುವ ನಿಯಂತ್ರಣಸೂತ್ರಗಳನ್ನು ಬೆಂಗಳೂರಿನಲ್ಲಿ ರಾಷ್ಟ್ರೀಯ ಪ್ರಯೋಗಾಲಯವನ್ನು ಕೇಂದ್ರವಾಗಿಟ್ಟುಕೊಂಡ ತಂಡವೊಂದು ರಚಿಸಿತು. ಗಣಕವನ್ನು ಸಿದ್ಧಪಡಿಸಿದ್ದು 1959ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವೈಮಾನಿಕ ಅಭಿವೃದ್ಧಿ ಸಂಸ್ಥೆ. 1996ರಲ್ಲಿ ಈ ಸೂತ್ರಗಳನ್ನು ಅಮೆರಿಕದ ಒಂದು ವಿಶೇಷ ಎಫ್-16 ವಿಮಾನದಲ್ಲಿ ಪರೀಕ್ಷಿಸಲಾಗಿತ್ತು. 1998ರ ಮೇ ತಿಂಗಳ ಪೋಖರಣ್ ಪರೀಕ್ಷೆಗಳ ತರುವಾಯ ಆ ದೇಶ ತನ್ನ ನೆರವನ್ನು ನಿಲ್ಲಿಸಿತು. ಉಳಿದ ಕೆಲಸವನ್ನು ಇಲ್ಲಿಯೇ ಮುಗಿಸಿ, 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೊಠಿಯಾಲ್ ಅವರು ಬೆಂಗಳೂರಿನಲ್ಲಿ ಆ ವಿಮಾನವನ್ನು ಮೊದಲ ಬಾರಿಗೆ ಹಾರಿಸಿದರು. ಒಂದು ಚಿಹ್ನೆ ತಪ್ಪಿದ್ದರೆ ಏನಾಗುತ್ತಿತ್ತೆಂಬುದನ್ನು ಕೆರೆಯಂಗಳದಲ್ಲಿ ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವ್ಯತ್ಯಾಸವಿಷ್ಟೇ, ಅಲ್ಲಿ ಒಳಗೆ ಮನುಷ್ಯನಿದ್ದನು.

ಕೋಲಾರ ಜಿಲ್ಲೆಗೆ ಈ ಚರಿತ್ರೆಯಲ್ಲಿ ಒಂದು ಪಾತ್ರವುಂಟೆಂಬುದು ಇಲ್ಲಿಯವರಿಗೇ ಹೆಚ್ಚಾಗಿ ತಿಳಿಯದು. ಎರಡನೆಯ ಮಹಾಯುದ್ಧದ ಕಾಲದ, ಬಳಕೆ ತಪ್ಪಿದ ಒಂದು ಓಡುದಾರಿ ಕೋಲಾರದಲ್ಲಿದೆ. 2009ರ ಏಪ್ರಿಲ್ 5, ಭಾನುವಾರ ಬೆಳಗಿನ ಜಾವ ವೈಮಾನಿಕರಹಿತ 'ನಿಶಾಂತ್' ವಿಮಾನವು, ದೇಶದಲ್ಲಿಯೇ ತಯಾರಾದ ಮೊದಲ ವಾಂಕೆಲ್ ಮಾದರಿಯ ಎಂಜಿನನ್ನು ಹೊತ್ತು ಅಲ್ಲಿಂದ ಮೇಲೇರಿತು. 1.8 ಕಿಲೋಮೀಟರು ಎತ್ತರಕ್ಕೆ ಹೋಗಿ 35 ನಿಮಿಷ ಸಂಚರಿಸಿ, ಒಟ್ಟು 40 ನಿಮಿಷಗಳ ಬಳಿಕ ಗೊತ್ತುಮಾಡಿದ್ದ ಒಂದು ಒಣಕೆರೆಯಲ್ಲಿ ಇಳಿಯಿತು. ನಿಶಾಂತ್ ನೆಲ ಮುಟ್ಟುವುದು ಪ್ಯಾರಾಶೂಟಿನಿಂದ. ಬಿಸಿಲಿಗೆ ಬಿರಿದ ಕೆರೆಯಂಗಳ ಕೃಷಿಕನ ಪಾಲಿಗೆ ಶೋಕ. ಅಂಥ ವಿಮಾನಕ್ಕೆ ಅದಕ್ಕಿಂತ ಒಳ್ಳೆಯ ಹಾಸಿಗೆಯಿಲ್ಲ. ಆ ವಿಮಾನದ ಮುಂದಿನ ಕಥೆ ಸುಖಾಂತವಲ್ಲ. 2015ರಲ್ಲಿ ಅದರ ಯೋಜನೆಯನ್ನು ಕೈಬಿಡಲಾಯಿತು.

2009ರ ನವೆಂಬರ್ 16ರಂದು, ದಮಾನಿಯಾ ಅವರ ಲಘು ವಿಮಾನದಿಂದ ಬೆಳೆದು ಅವರ ಹೆಸರನ್ನೇ ಹೊತ್ತ 'ರುಸ್ತುಂ-1' ಹೊಸೂರಿನಲ್ಲಿ ಮೊದಲು ಹಾರಿತು. ಎತ್ತರದ ಅಂದಾಜು ತಪ್ಪಿ, ನೆಲದಿಂದ ಕೊಟ್ಟ ಆಜ್ಞೆಯಿಂದಲೇ ಎಂಜಿನು ನಿಂತು, ವಿಮಾನ ಬಿದ್ದಿತು. 2010ರ ಅಕ್ಟೋಬರ್ 16ರಂದು ಪುನಃ ಹಾರಿ ಯಶಸ್ವಿಯಾಯಿತು. ಯಂತ್ರವು ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸಿತ್ತೆಂಬುದನ್ನು ಗಮನಿಸಬೇಕು. 2022ರ ಜುಲೈ 1ರಂದು ಚಿತ್ರದುರ್ಗ ಜಿಲ್ಲೆಯ ಪರೀಕ್ಷಾಕ್ಷೇತ್ರದಲ್ಲಿ ಅದೇ ಸಂಸ್ಥೆಯ, ಬರಿಯ ರೆಕ್ಕೆಯ ಆಕಾರದ ಸ್ವಯಂಚಾಲಿತ ವಿಮಾನವು ತಾನಾಗಿ ಏರಿ ತಾನಾಗಿ ಇಳಿಯಿತು. 2023ರ ಡಿಸೆಂಬರ್ 15ರಂದು ಬಾಲದ ಗುರುತೂ ಇಲ್ಲದ ರೂಪದಲ್ಲಿ ಹಾರಿದುದನ್ನು ಪ್ರಕಟಿಸಲಾಯಿತು. ಅಲ್ಲಿ ಹಿಡಿಕೆಯೇ ಇಲ್ಲ. ಮೂಲವೂ ಗುರಿಯೂ ಪ್ರಮಾಣವೂ ಅಂಕಿಗಳೊಳಗೇ ಅಡಗಿವೆ.

ಸೊಂಟದಿಂದ ತಂತಿಗೆ, ತಂತಿಯಿಂದ ಸನ್ನೆಗೆ, ಸನ್ನೆಯಿಂದ ರೋಧಕಕ್ಕೆ, ಅಲ್ಲಿಂದ ಅಂಕಿಗೆ ಮಿಶ್ರಣವು ಸಾಗಿಬಂದ ದಾರಿ ಇದು. ಪ್ರತಿಯೊಂದು ಹೆಜ್ಜೆಯಲ್ಲಿಯೂ ಅದು ಹೆಚ್ಚು ನಮ್ಯವಾಯಿತು; 1905ರಲ್ಲಿ ರೈಟರು ತಂತಿಯಿಂದ ಬಯಸಿ ಪಡೆಯಲಾಗದ್ದು ಇಂದು ಒಂದು ವಕ್ರರೇಖೆಯಿಂದ ದೊರೆಯುತ್ತದೆ. ಪ್ರತಿಯೊಂದು ಹೆಜ್ಜೆಯಲ್ಲಿಯೂ ಅದು ಕಣ್ಣಿಗೆ ಹೆಚ್ಚು ಮರೆಯಾಯಿತೆಂಬುದೂ ಅಷ್ಟೇ ನಿಜ. ಜಾರುವ ಹಲಗೆಯನ್ನು ತಲೆಕೆಳಗಾಗಿ ಜೋಡಿಸಿದವನಿಗೆ ಅದು ಮೇಜಿನ ಮೇಲೆಯೇ ತಿಳಿಯುತ್ತಿತ್ತು. ಎನ್‌ಸಿಸಿಯ ವಾಯುವಿಭಾಗದಲ್ಲಿ ಮಾದರಿ ವಿಮಾನ ಕಟ್ಟುವುದು ಇಂದಿಗೂ ಪಾಠಕ್ರಮದ ಭಾಗ. ಭೌತಶಾಸ್ತ್ರದ ಅಧ್ಯಾಪಕರು ಅಲ್ಲಿ ಒಂದು ದಿನವಾದರೂ ಸಿದ್ಧ ಮಿಶ್ರಣವನ್ನು ಬದಿಗಿರಿಸಿ, ಎರಡು ಸನ್ನೆ ಒಂದು ಹಲಗೆಯಿಂದ ಅದನ್ನು ಮಾಡಿಸಿದರೆ, ಏ + ಹೊ ಎಂಬುದು ಬೆರಳಿಗೆ ತಾಕುವ ವಸ್ತುವಾದೀತೆಂದು ನನ್ನ ಎಣಿಕೆ. ನಾನು ಮಾಡಿಸಿ ನೋಡಿದ್ದೇನೆ. ಹಲಗೆ ಮೊದಲ ಸಲ ಸಿಕ್ಕಿಕೊಂಡಿತು. ಸಿಕ್ಕಿಕೊಂಡದ್ದು ಎಲ್ಲಿ ಎಂಬುದು ಎಲ್ಲರಿಗೂ ಕಂಡಿತು.

ಆ ಹುಡುಗನು ರೆಕ್ಕೆಯನ್ನು ಅಂಟಿಸಿ ಸರಿಪಡಿಸಿದನು. ಅದರ ಬಲಪಟ್ಟಿಯ ಬಳಿ ಮಸಿಯಲ್ಲಿ 'ಬಲಕ್ಕೆ ಅಂದರೆ ಇದು ಮೇಲಕ್ಕೆ' ಎಂದು ಬರೆದಿದ್ದಾನೆ. ಎಸೆಯುವ ಮುನ್ನ ಓದಿ, ಹಿಡಿಕೆ ಸರಿಸಿ, ನೋಡಿಯೇ ಎಸೆಯುತ್ತಾನೆ. ಮರುವರ್ಷದ ಮಳೆಗೆ ಆ ಕೆರೆಗೆ ನೀರು ಬಂದುದರಿಂದ ಈಗ ನಾವು ರಾಗಿ ಕೊಯ್ದ ಹೊಲವೊಂದಕ್ಕೆ ಹೋಗುತ್ತೇವೆ.